ಬೆಟ್ಟ ಕಿತ್ತುಕೊಂಡ ಕುದುರೆಗಳು

ಕೇಳುಗರಿಗೆ ನಮಸ್ಕಾರ.

ಮೊನ್ನೆ ದಾವಣಗೆರೆಯಿಂದ ಅಮ್ಮ ಫೋನ್ ಮಾಡಿದ್ದರು. "ಅದೇನೋ ಮಂಜಿನ ಮೇಲೆ ಓಡೋ ಗಾಡಿಗೆ ಮತ್ತೆ ದುಡ್ಡು ಸುರಿದೆಯಂತೆ?" ಅಂದರು. ಸೊಸೆ ಚಾಡಿ ಹೇಳಿರಬೇಕು. "ಹೌದಮ್ಮ, ಟರ್ಬೊ ಹಾಕಿಸಿದೆ" ಅಂದೆ. "ಯಾಕೆ, ಇಂಜಿನ್ ಕೆಟ್ಟಿತ್ತಾ?" ಅಂದರು. ಇಂಜಿನ್ ಕೆಟ್ಟಿರಲಿಲ್ಲ. ಕೆಟ್ಟಿದ್ದು ಟರ್ಬೊ ಹಾಕಿಸಿದ ಮೇಲೆ. ಆ ಕಥೆಗೂ ಬರುತ್ತೇನೆ. ಟರ್ಬೊ ಅಂದರೆ ಇಂಜಿನ್ನಿನ ಹೊಗೆಯ ರಭಸಕ್ಕೇ ತಿರುಗಿ, ಇಂಜಿನ್ನಿನೊಳಗೆ ಹೆಚ್ಚು ಗಾಳಿ ತುರುಕುವ ಪಂಪು. ಅದನ್ನು ಜೋಡಿಸಲು ಬೇಕಾದ ಸಾಮಾನೆಲ್ಲ ಸೇರಿದ್ದು ಕಿಟ್. ಆ ಕಿಟ್ ಆರಿಸುವುದು ಹೇಗೆ ಅನ್ನುವುದೇ ಇವತ್ತಿನ ಮಾತು.

ನಾನು ಇರುವುದು ಅಮೆರಿಕದ ಐಡಹೊ ರಾಜ್ಯದಲ್ಲಿ. ಇಲ್ಲಿ ಚಳಿಗಾಲ ಬಂದರೆ ಅರ್ಧ ಊರು ಸ್ನೋಮೊಬೈಲ್ ಹತ್ತಿಕೊಂಡು ಬೆಟ್ಟಕ್ಕೆ ಹೋಗುತ್ತದೆ. ಓಡಿಸುವವರು ಅದನ್ನು ಸ್ಲೆಡ್ ಅಂತಲೇ ಕರೆಯುತ್ತಾರೆ. ಮುಂದೆ ಎರಡು ಸ್ಕೀ, ಕೆಳಗೆ ಯುದ್ಧದ ಟ್ಯಾಂಕಿಗೆ ಇರುವ ಹಾಗೆ ಸುತ್ತುವ ರಬ್ಬರ್ ಟ್ರ್ಯಾಕ್. ಬೆಟ್ಟಕ್ಕೆಂದೇ ಮಾಡಿದ ಸ್ಲೆಡ್‌ನಲ್ಲಿ ಈ ಟ್ರ್ಯಾಕು ತುಂಬಾ ಉದ್ದ, 154 ಇಂಚು, 165 ಇಂಚು ಹೀಗೆ. ಟ್ರ್ಯಾಕಿನ ಮೇಲೆ ಎರಡೂವರೆಯಿಂದ ಮೂರು ಇಂಚು ಎತ್ತರದ ರಬ್ಬರ್ ಹಲ್ಲು. ಎದೆಮಟ್ಟ ಪುಡಿಹಿಮದಲ್ಲಿ ಅವು ಹುಟ್ಟು ಹಾಕಿದಂತೆ ಹಿಮವನ್ನು ಹಿಂದಕ್ಕೆ ತಳ್ಳಬೇಕು, ಗಾಡಿ ತೇಲಬೇಕು. ಅದಕ್ಕೆ ಶಕ್ತಿ ಬೇಕು, ಸಿಕ್ಕಾಪಟ್ಟೆ ಬೇಕು. ಇಂಜಿನ್ ಹೆಚ್ಚಾಗಿ 850 ಸಿಸಿ ಆಸುಪಾಸಿನ ಟು-ಸ್ಟ್ರೋಕ್. ಬೆಳಿಗ್ಗೆ ಹತ್ತು ಸ್ಲೆಡ್ ಒಟ್ಟಿಗೆ ಸ್ಟಾರ್ಟ್ ಆದಾಗ ಬರುವ ಹೊಗೆಯ ವಾಸನೆಗೆ ನನಗೆ ಮೈಸೂರಿನ ಯೆಜ್ಡಿ ನೆನಪಾಗುತ್ತದೆ. ಹೊರಗೆ ಮೈನಸ್ ಹದಿನೈದು ಡಿಗ್ರಿ, ಮೂಗಿನಲ್ಲಿ ಮಾತ್ರ ಎಂಬತ್ತರ ದಶಕದ ಮಂಡಿಪೇಟೆ.

ಈಗ ಬೆಟ್ಟದ ವಿಷಯ. ಬೈಕಿನಲ್ಲಿ ಲಡಾಖ್ ನೋಡಿ ಬಂದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಬೆಂಗಳೂರಿನಲ್ಲಿ ಚೆನ್ನಾಗಿದ್ದ ಗಾಡಿ ಖರ್ದುಂಗ್ ಲಾ ಏರುವಾಗ ಏದುಸಿರು ಬಿಡುವುದನ್ನು ಅವರು ಕಂಡಿದ್ದಾರೆ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಹೆಚ್ಚುಕಮ್ಮಿ ಅರ್ಧ. ಗಾಳಿ ತೆಳುವಾದರೆ ಸಿಲಿಂಡರಿಗೆ ಹೋಗುವ ಆಮ್ಲಜನಕ ಕಡಿಮೆ, ಉರಿಯುವ ಪೆಟ್ರೋಲೂ ಕಡಿಮೆ. ಮೆಕ್ಯಾನಿಕ್‌ಗಳ ಬಾಯಿಲೆಕ್ಕ ಏನೆಂದರೆ 1000 ಅಡಿಗೆ ನೂರಕ್ಕೆ ಮೂರು ಪಾಲು ಶಕ್ತಿ ಹೋಯಿತು ಅಂತ. 165 ಕುದುರೆಯ, ಅಂದರೆ 165 ಹಾರ್ಸ್‌ಪವರಿನ ಗಾಡಿಯನ್ನು 10,000 ಅಡಿಗೆ ತಂದರೆ 115ರಿಂದ 120 ಕುದುರೆ ಉಳಿಯುತ್ತವೆ. ಮಿಕ್ಕ ಕುದುರೆಗಳನ್ನು ಬೆಟ್ಟ ಕಿತ್ತುಕೊಂಡಿತು. ಗಾಡಿ ಕೊಂಡ ಸಾಲ ಮಾತ್ರ ಪೂರ್ತಿ 165 ಕುದುರೆಗೆ ಕಟ್ಟುತ್ತಿದ್ದೀರಿ!

ಟರ್ಬೊ ಬೆಳೆದದ್ದೂ ಈ ಕಾಯಿಲೆಗೆ ಮದ್ದಾಗಿಯೇ. 1905ರಲ್ಲಿ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ ಎಂಬ ಇಂಜಿನಿಯರ್ ಇದಕ್ಕೆ ಪೇಟೆಂಟ್ ಪಡೆದಿದ್ದ. 1918ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಸ್ಯಾನ್‌ಫರ್ಡ್ ಮಾಸ್ ಲಿಬರ್ಟಿ ಎಂಬ ವಿಮಾನದ ಇಂಜಿನ್ನನ್ನು ಲಾರಿಗೆ ಹೇರಿಕೊಂಡು ಕೊಲರಾಡೊದ ಪೈಕ್ಸ್ ಪೀಕ್ ಬೆಟ್ಟದ ತುದಿಗೆ ಒಯ್ದ. 14,000 ಅಡಿ ಎತ್ತರ. ಕೆಳಗೆ 350 ಕುದುರೆ ಕೊಡುತ್ತಿದ್ದ ಇಂಜಿನ್ ಅಲ್ಲಿ 230ಕ್ಕೆ ಇಳಿಯಿತು. ಟರ್ಬೊ ಜೋಡಿಸಿದ ಮೇಲೆ ಮತ್ತೆ 350 ದಾಟಿತು. ಮಾಸ್ ಹೊಸ ಕುದುರೆಗಳನ್ನು ಹುಟ್ಟಿಸಲಿಲ್ಲ, ಬೆಟ್ಟ ಕಿತ್ತುಕೊಂಡವನ್ನು ಬಿಡಿಸಿಕೊಂಡು ಬಂದ, ಅಷ್ಟೆ. ಕಿಟ್ ಕೊಳ್ಳಲು ಹೊರಟವರು ಮೊದಲು ತಮ್ಮನ್ನು ತಾವು ಕೇಳಿಕೊಳ್ಳಬೇಕಾದದ್ದು ಇದನ್ನೇ. ಕಳೆದುಕೊಂಡದ್ದು ವಾಪಸ್ ಬಂದರೆ ಸಾಕಾ, ಅದರ ಮೇಲೂ ಬೇಕಾ?

ಆದರೆ ಸ್ಲೆಡ್ ನಿಲ್ಲಿಸುವ ಜಾಗದಲ್ಲಿ ಎಲ್ಲರೂ ಕೇಳುವುದು "ಎಷ್ಟು ಬೂಸ್ಟು?" ಅಂತ. ಐದು ಪೌಂಡಾ, ಎಂಟಾ, ಹನ್ನೆರಡಾ? ಆ ನಂಬರಿನ ಒಳಗುಟ್ಟು ಸ್ವಲ್ಪ ಬಿಡಿಸಿ ನೋಡೋಣ.

ಬೂಸ್ಟ್ ಅಂದರೆ ಸುತ್ತಲಿನ ಗಾಳಿಯ ಒತ್ತಡದ ಮೇಲೆ ಟರ್ಬೊ ಸೇರಿಸುವ ಒತ್ತಡ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ ಚದರ ಇಂಚಿಗೆ 14.7 ಪೌಂಡು. 10,000 ಅಡಿಯಲ್ಲಿ ಸುಮಾರು 10. ಅಂದರೆ ಅಲ್ಲಿ ನಾಲ್ಕೂವರೆ ಪೌಂಡು ಬೂಸ್ಟ್ ಕೊಟ್ಟರೆ ಇಂಜಿನ್ನಿಗೆ ಮಂಗಳೂರಿನ ಕಡಲತೀರದಲ್ಲಿ ಉಸಿರಾಡಿದಂತೆ. ವೈಯೊಮಿಂಗ್‌ನ ಟೋಗ್ವೊಟಿ ಕಣಿವೆದಾರಿ 9,658 ಅಡಿ ಎತ್ತರದಲ್ಲಿದೆ. ಅಲ್ಲಿ ಓಡಿಸುವವನಿಗೆ ಐದು ಪೌಂಡಿನ ಕಿಟ್ ಕಳೆದದ್ದನ್ನು ತುಂಬಿಕೊಡುತ್ತದೆ. ಅದೇ ಕಿಟ್ಟನ್ನು ಕೆನಡಾದ ರೆವೆಲ್‌ಸ್ಟೋಕ್ ಸುತ್ತಲಿನ ಬೆಟ್ಟಕ್ಕೆ ಒಯ್ಯಿರಿ. ಅಲ್ಲಿ ಎತ್ತರ ಕಡಿಮೆ, ಗಾಳಿ ದಪ್ಪ. ಅದೇ ಐದು ಪೌಂಡು ಅಲ್ಲಿ ಇಂಜಿನ್ನಿನ ಮೇಲೆ ಹೊಸ ಭಾರ. ಹಾಗಾಗಿ ಗೆಳೆಯ ಹೇಳಿದ ಅಂತ ಕಿಟ್ ತರಿಸುವ ಮೊದಲು ಆ ಗೆಳೆಯ ಎಷ್ಟು ಎತ್ತರದಲ್ಲಿ ಓಡಿಸುತ್ತಾನೆ ಅಂತ ಕೇಳಿ.

ಈಗ ನನ್ನ ಕಥೆ. ನಾನು ತಂದಿದ್ದು ಒಬ್ಬರು ಬಿಚ್ಚಿ ಮಾರಿದ ಹಳೆಯ ಕಿಟ್. ಬೂಸ್ಟನ್ನು ಹಿಡಿತದಲ್ಲಿಡುವುದು ವೇಸ್ಟ್‌ಗೇಟ್ ಎಂಬ ಸಣ್ಣ ಬಾಗಿಲು. ಒತ್ತಡ ಜಾಸ್ತಿಯಾದರೆ ಅದು ತೆರೆದುಕೊಂಡು ಹೊಗೆಯನ್ನು ಟರ್ಬೊಗೆ ಕೊಡದೆ ಆಚೆ ಬಿಡುತ್ತದೆ. ನನ್ನದಕ್ಕೆ ಬರೀ ಸ್ಪ್ರಿಂಗ್ ಇತ್ತು, ಏಳು ಪೌಂಡಿನದು. ಸ್ಪ್ರಿಂಗಿಗೆ ಬೆಟ್ಟ ಯಾವುದು, ಬಯಲು ಯಾವುದು ಗೊತ್ತಾಗುವುದಿಲ್ಲ. ಮೇಲೂ ಏಳು, ಕೆಳಗೂ ಏಳು. ನಾವು ಹೋಗುವ ಐಲ್ಯಾಂಡ್ ಪಾರ್ಕ್ ಊರು ಹೆಚ್ಚುಕಮ್ಮಿ ನಮ್ಮ ಮುಳ್ಳಯ್ಯನಗಿರಿಯ ತುದಿಯಷ್ಟೇ ಎತ್ತರದಲ್ಲಿದೆ, 6,300 ಅಡಿ. ದಿನವಿಡೀ ಮೇಲೆ, 9000 ಅಡಿಯಲ್ಲಿ ಆಡಿದೆವು. ಗಾಡಿ ಬಂಗಾರದ ಹಾಗೆ ಓಡಿತು. ಸಂಜೆ ಇಳಿದು ಬಂದು, ಪಿಕಪ್ ಕಣ್ಣಿಗೆ ಕಾಣುವಾಗ, ಸುಮ್ನೆ ಖುಷಿಗೆ ಬಯಲಿನಲ್ಲಿ ಪೂರ್ತಿ ಥ್ರಾಟಲ್ ಒತ್ತಿದೆ. ಐದಾರು ಸೆಕೆಂಡು ಇರಬಹುದು. ಡಬ್ಬದಲ್ಲಿ ಗೋಲಿ ಅಲ್ಲಾಡಿಸಿದ ಹಾಗೆ ಒಂದು ಸದ್ದು, ಆಮೇಲೆ ಎಲ್ಲಾ ಮೌನ.

ಮನೆಗೆ ತಂದು ಸ್ಪಾರ್ಕ್ ಪ್ಲಗ್ ಬಿಚ್ಚಿದೆ. ಅದರ ಬಿಳಿ ಪಿಂಗಾಣಿಯ ಮೇಲೆ ಸಾಸಿವೆಗಿಂತ ಸಣ್ಣ ಬೂದು ಚುಕ್ಕಿಗಳು, ಬೆಳಕಿಗೆ ಹಿಡಿದರೆ ಮಿಂಚುತ್ತಿದ್ದವು. ಅಲ್ಯೂಮಿನಿಯಂ. ಅಂದರೆ ಪಿಸ್ಟನ್ ಕರಗಿ ಪ್ಲಗ್ಗಿಗೆ ಎರಚಿಕೊಂಡಿದೆ. ಹೆಡ್, ಅಂದರೆ ಸಿಲಿಂಡರಿನ ಮುಚ್ಚಳ, ತೆಗೆದಾಗ ಪಿಸ್ಟನ್ನಿನ ಅಂಚು ಇಲಿ ಕಡಿದ ಕೊಬ್ಬರಿ ಗಿಟಕಿನ ಹಾಗಿತ್ತು.

ತಪ್ಪು ಎರಡು. 9000 ಅಡಿಯಲ್ಲಿ ಹತ್ತೂವರೆ ಪೌಂಡು ಗಾಳಿ, ಏಳು ಬೂಸ್ಟು, ಒಟ್ಟು ಹದಿನೇಳೂವರೆ. ಕೆಳಗೆ ಬಂದಾಗ ಅದೇ ಲೆಕ್ಕ ಹದಿನೆಂಟೂವರೆ ದಾಟಿತ್ತು. ಇನ್ನೊಂದು ತಪ್ಪು ಪೆಟ್ರೋಲ್ ಬಂಕಿನದು, ಅಂದರೆ ಬಂಕಿಗೆ ಹೋದ ನನ್ನದು. ಈ ಬೆಟ್ಟದ ಸೀಮೆಯ ಬಂಕುಗಳಲ್ಲಿ ಅಗ್ಗದ ಪೆಟ್ರೋಲ್ ಅಂದರೆ 85 ಆಕ್ಟೇನ್. ಪೆಟ್ರೋಲ್ ತನ್ನಷ್ಟಕ್ಕೆ ಸಿಡಿಯದೆ ಎಷ್ಟು ಒತ್ತಡ ತಡೆದುಕೊಳ್ಳುತ್ತದೆ ಅನ್ನುವ ಅಳತೆ ಅದು. ಬಯಲುಸೀಮೆಯಲ್ಲಿ ಮಾಮೂಲಿಗೆ 87 ಕೊಡುತ್ತಾರೆ. ಇಲ್ಲಿ ಗಾಳಿ ತೆಳು, ಸಿಲಿಂಡರಿನಲ್ಲಿ ಒತ್ತಡ ಕಡಿಮೆ, ಹಾಗಾಗಿ ಹಳೆಯ ಕಾಲದ ಇಂಜಿನ್ನುಗಳಿಗೆ 85 ನಡೆಯುತ್ತಿತ್ತು, ಆ ಪದ್ಧತಿ ಹಾಗೇ ಉಳಿದಿದೆ. ಆದರೆ ಟರ್ಬೊ ಮಾಡುವುದೇನು? ಬೆಟ್ಟವನ್ನು ಅಳಿಸಿಹಾಕುತ್ತದೆ. ಇಂಜಿನ್ನಿಗೆ ಈಗ ತಾನು ಸಮುದ್ರಮಟ್ಟಕ್ಕಿಂತಲೂ ಕೆಳಗಿದ್ದೇನೆ ಅನ್ನಿಸುತ್ತಿರುತ್ತದೆ. ಅದಕ್ಕೆ ಬೆಟ್ಟದ ಪೆಟ್ರೋಲ್ ಕುಡಿಸಿದರೆ ಕಿಡಿ ಹಾರುವ ಮೊದಲೇ, ಅಥವಾ ಹಾರಿದ ಮೇಲೆ ಕಂಡಲ್ಲೆಲ್ಲ, ತನ್ನಷ್ಟಕ್ಕೆ ಸಿಡಿಯುತ್ತದೆ. ಆ ಗೋಲಿ ಸದ್ದು ಅದೇ. ಆವತ್ತು 91 ಹಾಕಿಸುವವನು ಅವಸರದಲ್ಲಿ ಪಕ್ಕದ ಪೈಪ್ ಎತ್ತಿದ್ದೆ. ನಮ್ಮೂರಿನಲ್ಲಿ ಕೇಳುತ್ತಿರುವವರಿಗೆ ಒಂದು ಮಾತು. ಇಲ್ಲಿಯ ಆಕ್ಟೇನ್ ಅಳತೆಯೇ ಬೇರೆ. ಇಲ್ಲಿಯ 91 ಅಂದರೆ ನಮ್ಮ ಬಂಕಿನ 95ರ ಹತ್ತಿರ ಬರುತ್ತದೆ.

ಹಾಗಾಗಿ ನನ್ನ ಮಟ್ಟಿಗೆ ಕಿಟ್ ಆರಿಸುವುದು ಬಂಕಿನಿಂದ ಶುರುವಾಗುತ್ತದೆ. ಬಂಕಿನ 91ರಲ್ಲಿ ಮಾತ್ರ ಓಡಿಸುವವರು ಬೂಸ್ಟನ್ನು ಐದಾರು ಪೌಂಡಿನ ಒಳಗೆ ಇಟ್ಟುಕೊಳ್ಳುವುದು ಒಳ್ಳೆಯದು. ಎಂಟು, ಹತ್ತು ಬೇಕು ಅನ್ನುವವರು ರೇಸ್ ಪೆಟ್ರೋಲಿನ ಡಬ್ಬ ಹೊತ್ತು ತಿರುಗಬೇಕು. ಅದರ ರೇಟು ಕೇಳಿದರೆ ಅಮ್ಮ ಮತ್ತೆ ಫೋನ್ ಮಾಡುತ್ತಾರೆ. ಜೊತೆಗೆ ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗೆ ಗಾಳಿ ಒತ್ತುವ ಮಟ್ಟ, ಇಳಿಸುವ ಬೇರೆ ಹೆಡ್, ದೊಡ್ಡ ಫ್ಯೂಯಲ್ ಪಂಪ್, ಇನ್ನೂ ಏನೇನೋ. ಮತ್ತೆ, ಬರೀ ಸ್ಪ್ರಿಂಗ್ ನಂಬಬೇಡಿ. ಸುತ್ತಲಿನ ಗಾಳಿಯನ್ನೂ ಸೇರಿಸಿ ಒಟ್ಟು ಒತ್ತಡ ಅಳೆದು, ಕೆಳಗೆ ಇಳಿದಂತೆ ತಾನೇ ಬೂಸ್ಟ್ ತಗ್ಗಿಸುವ ಎಲೆಕ್ಟ್ರಾನಿಕ್ ಕಂಟ್ರೋಲರ್ ಇರುವ ಕಿಟ್ ನೋಡಿ. ಸ್ವಲ್ಪ ದುಬಾರಿ, ನಿಜ. ಆದರೆ ಒಂದು ಸಿಲಿಂಡರು, ಪಿಸ್ಟನ್ನು, ಗ್ಯಾಸ್ಕೆಟ್ಟಿನ ಬಿಲ್ಲಿನ ಮುಂದೆ ಅದು ಏನೂ ಅಲ್ಲ. ಬಿಲ್ ನನ್ನ ಹತ್ತಿರ ಇನ್ನೂ ಇದೆ.

ಟರ್ಬೊದ ಗಾತ್ರದ ಬಗ್ಗೆ ಒಂದು ಮಾತು. ದೊಡ್ಡ ಟರ್ಬೊ ದೊಡ್ಡ ಶಕ್ತಿ ಕೊಡುತ್ತದೆ, ಆದರೆ ತಡವಾಗಿ. ಹೊಗೆ ಬಂದು ಚಕ್ರ ತಿರುಗಿ ಒತ್ತಡ ಏರುವಷ್ಟರಲ್ಲಿ ಒಂದು ಕ್ಷಣ ಹೋಯಿತು. ತೆರೆದ ಇಳಿಜಾರಿನಲ್ಲಿ ನೇರವಾಗಿ ಮೇಲಕ್ಕೆ ನುಗ್ಗುವವರಿಗೆ ಆ ಒಂದು ಕ್ಷಣ ದೊಡ್ಡದಲ್ಲ. ಆದರೆ ಪೈನ್ ಮರಗಳ ಸಂದಿಯಲ್ಲಿ, ಸ್ಲೆಡ್ಡನ್ನು ಒಂದೇ ಸ್ಕೀ ಮೇಲೆ ವಾಲಿಸಿಕೊಂಡು ತಿರುಗುವಾಗ, ಥ್ರಾಟಲ್ ಒತ್ತಿದ ಕೂಡಲೇ ಶಕ್ತಿ ಬರಬೇಕು. ಬರಲಿಲ್ಲ ಅನ್ನಿ, ಸ್ಲೆಡ್ ಮಲಗುತ್ತದೆ. ಆಮೇಲೆ ಒಮ್ಮೆಲೇ ಬಂತು ಅನ್ನಿ, ಮರ ಅಲ್ಲೇ ಎದುರಿಗೆ. ನಾವು ಹೆಚ್ಚಿನವರು ಓಡಿಸುವುದು ಕಾಡಿನಲ್ಲೇ. ಚಿಕ್ಕ ಟರ್ಬೊ ಸಾಕು. ಇದರಲ್ಲಿ ನನಗೆ ಅನುಮಾನವೇ ಇಲ್ಲ.

ಗಾಳಿಯನ್ನು ಒತ್ತಿದರೆ ಬಿಸಿಯಾಗುತ್ತದೆ. ಸೈಕಲ್ ಪಂಪಿನ ಬುಡ ಮುಟ್ಟಿ ನೋಡಿದವರಿಗೆಲ್ಲ ಗೊತ್ತು. ಬಿಸಿಗಾಳಿ ಮತ್ತೆ ತೆಳುವಾಗುತ್ತದೆ, ಸಿಡಿತವನ್ನೂ ಹೆಚ್ಚಿಸುತ್ತದೆ. ಅದಕ್ಕೇ ಆ ಗಾಳಿಯನ್ನು ತಣ್ಣಗೆ ಮಾಡುವ ಇಂಟರ್‌ಕೂಲರ್. ನಾಲ್ಕೈದು ಪೌಂಡಿಗೆ ಅದಿಲ್ಲದೆಯೂ ಕೆಲವು ಕಿಟ್ಟುಗಳು ನಡೆಸುತ್ತವೆ. ಅದಕ್ಕಿಂತ ಮೇಲೆ ಬೇಕೇ ಬೇಕು. ಅದನ್ನು ಎಲ್ಲಿ ಕೂರಿಸಿದ್ದಾರೆ ನೋಡಿಕೊಳ್ಳಿ. ಪುಡಿಹಿಮ ಮೆತ್ತಿಕೊಳ್ಳುವ ಜಾಗದಲ್ಲಿದ್ದರೆ ಮಧ್ಯಾಹ್ನದ ಹೊತ್ತಿಗೆ ಅದರ ತುಂಬಾ ಗಟ್ಟಿ ಹಿಮ, ಗಾಳಿ ಹಾಯುವುದೇ ಇಲ್ಲ.

ಎಣ್ಣೆಯದ್ದೂ ಕೇಳಿ. ಟರ್ಬೊದ ದಂಡ ನಿಮಿಷಕ್ಕೆ ಲಕ್ಷ ಸುತ್ತಿನ ಲೆಕ್ಕದಲ್ಲಿ ತಿರುಗುತ್ತದೆ. ಅದಕ್ಕೆ ಎಣ್ಣೆ ಬೇಕು. ಟು-ಸ್ಟ್ರೋಕ್ ಇಂಜಿನ್ನಿನಲ್ಲಿ ಕಾರಿಗೆ ಇರುವ ಹಾಗೆ ಎಣ್ಣೆಯ ತೊಟ್ಟಿ ಇರುವುದಿಲ್ಲ. ಕೆಲವು ಕಿಟ್ಟಿನಲ್ಲಿ ಬೇರೆ ಟ್ಯಾಂಕು, ಬೇರೆ ಪಂಪು ಕೊಡುತ್ತಾರೆ. ಕೆಲವು ಟರ್ಬೊಗಳು ತಮ್ಮ ಎಣ್ಣೆಯನ್ನು ತಮ್ಮೊಳಗೇ ಇಟ್ಟುಕೊಂಡಿರುತ್ತವೆ. ಪಂಪ್ ಇದ್ದರೆ ಅದರ ವೈರು ಕಿತ್ತುಹೋದಾಗ ದೀಪ ಹತ್ತುತ್ತದಾ ಅಂತ ವಿಚಾರಿಸಿ.

ಎಲ್ಲರೂ ಮರೆಯುವುದು ಕ್ಲಚ್. ಸ್ಲೆಡ್‌ಗೆ ಗೇರ್ ಇಲ್ಲ. ಆಕ್ಟಿವಾ ಒಳಗಿರುವ ಹಾಗೆ ಎರಡು ರಾಟೆ, ನಡುವೆ ಒಂದು ಬೆಲ್ಟು. ಮುಂದಿನ ರಾಟೆಯಲ್ಲಿ ಗ್ರಾಂ ಲೆಕ್ಕದ ಸಣ್ಣ ತೂಕಗಳು ಇರುತ್ತವೆ. ಇಂಜಿನ್ ಜೋರಾದಂತೆ ಅವು ಹೊರಕ್ಕೆ ಚಿಮ್ಮಿ ರಾಟೆಯನ್ನು ಒತ್ತುತ್ತವೆ. ಟು-ಸ್ಟ್ರೋಕ್ ಇಂಜಿನ್ ನಿಮಿಷಕ್ಕೆ 8000 ಸುತ್ತಿನ ಆಸುಪಾಸಿನಲ್ಲೇ ಪೂರ್ತಿ ಶಕ್ತಿ ಕೊಡುವುದು. ಟರ್ಬೊ ಹಾಕಿ ತೂಕ ಬದಲಿಸದಿದ್ದರೆ ಇಂಜಿನ್ ಆ ಮಟ್ಟ ದಾಟಿ ಸುಮ್ನೆ ಕಿರುಚುತ್ತದೆ, ಬೆಲ್ಟ್ ಸುಟ್ಟ ವಾಸನೆ ಬರುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ. ನಿಮ್ಮ ಸ್ಲೆಡ್ ಮಾಡೆಲ್ಲಿಗೆ, ನಿಮ್ಮ ಎತ್ತರಕ್ಕೆ ಇಂತಿಷ್ಟು ಗ್ರಾಂ ತೂಕ, ಇಂಥ ಸ್ಪ್ರಿಂಗ್ ಅಂತ ಬರೆದುಕೊಡದ ಕಿಟ್ ಅರ್ಧ ಕಿಟ್. ಅದನ್ನು ನಾನಂತೂ ಕೊಳ್ಳುವುದಿಲ್ಲ.

ಇಷ್ಟೆಲ್ಲ ತಲೆನೋವು ಯಾಕೆ, ಕಂಪನಿಯವರೇ ಟರ್ಬೊ ಹಾಕಿ ಕೊಡುವುದಿಲ್ಲವೇ ಅಂದರೆ, ಈಗ ಕೊಡುತ್ತಾರೆ. ಸ್ಕೀ-ಡೂ 2020ರ ಮಾಡೆಲ್ಲಿನಲ್ಲಿ ಕಾರ್ಖಾನೆಯಲ್ಲೇ ಟರ್ಬೊ ಕೂರಿಸಿದ ಮೊದಲ ಟು-ಸ್ಟ್ರೋಕ್ ಸ್ಲೆಡ್ ತಂದಿತು. ಗಮನಿಸಿ, ಅದು ಹೇಳಿಕೊಂಡದ್ದು 8000 ಅಡಿವರೆಗೂ 165 ಕುದುರೆ ಉಳಿಸಿಕೊಡುತ್ತೇವೆ ಅಂತ. ಪೈಕ್ಸ್ ಪೀಕಿನ ಮಾಸ್ ಲೆಕ್ಕವೇ, ಅಲ್ವಾ? ಪೊಲಾರಿಸ್ 2022ರ ಮಾಡೆಲ್ಲಿನಲ್ಲಿ ತನ್ನದನ್ನು ತಂದಿತು. ಹೊಸ ಸ್ಲೆಡ್ಡನ್ನೇ ಕೊಳ್ಳುವವರು ಕಣ್ಣು ಮುಚ್ಚಿಕೊಂಡು ಕಾರ್ಖಾನೆಯ ಟರ್ಬೊ ತೆಗೆದುಕೊಳ್ಳಲಿ, ವಾರಂಟಿಯೂ ಉಳಿಯುತ್ತದೆ. ಕಿಟ್ ಏನಿದ್ದರೂ ಗಟ್ಟಿಮುಟ್ಟಾದ ಹಳೆಯ ಸ್ಲೆಡ್ ಇದ್ದವರಿಗೆ, ಮತ್ತೆ ನನ್ನಂಥ ಸ್ಪ್ಯಾನರ್ ಹುಚ್ಚರಿಗೆ.

ಶಕ್ತಿ ಬಂದ ಮೇಲೆ ಮೊದಲು ಏರಲಾಗದ ಇಳಿಜಾರು ಈಗ ಏರಬಹುದು. ಹಿಮಕುಸಿತ ಆಗುವುದೂ ಹೆಚ್ಚಾಗಿ ಅಂಥಲ್ಲೇ, 30 ಡಿಗ್ರಿ ದಾಟಿದ ಇಳಿಜಾರಿನಲ್ಲಿ. ಹೂತುಹೋದವರನ್ನು ಹುಡುಕುವ ಬೀಕನ್, ಸಲಿಕೆ, ಹಿಮಕ್ಕೆ ಚುಚ್ಚಿ ನೋಡುವ ಉದ್ದ ಕೋಲು, ಇವು ಮೂರೂ ಇಲ್ಲದವನನ್ನು ನಮ್ಮ ಗುಂಪು ಜೊತೆಗೆ ಸೇರಿಸುವುದಿಲ್ಲ. ಕಿಟ್ಟಿಗೆ ಇಟ್ಟ ದುಡ್ಡಿನಲ್ಲಿ ಮೊದಲು ಅವನ್ನು ತೆಗೆದುಕೊಳ್ಳಿ.

ಕೊನೆಗೆ, ಸೆಕೆಂಡ್ ಹ್ಯಾಂಡ್ ಕಿಟ್ ನೋಡಲು ಹೋಗುವವರಿಗೆ. ಟರ್ಬೊದ ಗಾಳಿ ಒಳಹೋಗುವ ಬಾಯಿಯಲ್ಲಿ ಬೆರಳಿಟ್ಟು ದಂಡದ ತುದಿ ಹಿಡಿದು ಆ ಕಡೆ ಈ ಕಡೆ ಅಲ್ಲಾಡಿಸಿ, ಮುಂದಕ್ಕೆ ಹಿಂದಕ್ಕೂ ಎಳೆಯಿರಿ. ಆ ಕಡೆ ಈ ಕಡೆ ಕೂದಲೆಳೆಯಷ್ಟು ಆಡಿದರೆ ಸರಿ, ಮುಂದಕ್ಕೆ ಹಿಂದಕ್ಕೆ ಆಡುವುದು ಕೈಗೆ ತಿಳಿಯಬಾರದು. ರೆಕ್ಕೆಗಳ ಅಂಚು ತಿಂದಿದೆಯಾ ಅಂತ ಟಾರ್ಚ್ ಹಿಡಿದು ನೋಡಿ. ಆಮೇಲೆ ಮಾರುವವರನ್ನು ಕೇಳಿ, ಇದನ್ನು ಬಿಚ್ಚಿದ ಇಂಜಿನ್ ಈಗ ಎಲ್ಲಿದೆ ಅಂತ. ನಾನು ಕೇಳಿರಲಿಲ್ಲ.

ನಮಸ್ಕಾರ.