ಅರಮನೆ ಮದುವೆಯಲ್ಲಿ ಟಿವಿಯೇ ಸೋದರತ್ತೆ

ನಮಸ್ಕಾರ. ಇವತ್ತು ಒಂದು ಮದುವೆ ಬಗ್ಗೆ ಮಾತಾಡೋಣ. ನನ್ನದಲ್ಲ, ಗಾಬರಿ ಬೇಡ.

2016ರ ಜೂನ್ 27, ಸೋಮವಾರ. ಮೈಸೂರು ಅರಮನೆಯಲ್ಲಿ ಯದುವೀರ ಕೃಷ್ಣದತ್ತ ಚಾಮರಾಜ ಒಡೆಯರ್ ಅವರಿಗೂ ರಾಜಸ್ಥಾನದ ಡುಂಗರ್‌ಪುರದ ತ್ರಿಷಿಕಾ ಕುಮಾರಿ ಅವರಿಗೂ ಮದುವೆ. ನಮ್ಮ ಮನೆಯಲ್ಲಿ ಬೆಳಿಗ್ಗೆಯಿಂದ ಟಿವಿ ಆರಲಿಲ್ಲ. ಅಮ್ಮ ಕುಕ್ಕರ್ ಎಷ್ಟು ಸಲ ಕೂಗಿತು ಅನ್ನುವುದನ್ನೂ ಮರೆತು ಕೂತಿದ್ದರು. ನಾನು ಸ್ವಲ್ಪ ಜಂಬದಿಂದಲೇ ಹೇಳಿದೆ: "ಈಗ ರಾಜರೇ ಇಲ್ಲವಲ್ಲಮ್ಮ. 1971ರಲ್ಲೇ ರಾಜಧನ, ಪದವಿ ಎಲ್ಲ ಹೋಯಿತು." ಅಮ್ಮ ತಿರುಗಿಯೂ ನೋಡಲಿಲ್ಲ. "ಸುಮ್ನೆ ಪಕ್ಕಕ್ಕೆ ಸರಿ, ಸೀರೆ ಅಂಚು ಕಾಣಿಸ್ತಿಲ್ಲ" ಅಂದರು.

ಸರಿದೆ. ಆಮೇಲೆ ಪಕ್ಕದಲ್ಲೇ ಕೂತು ನಾನೂ ನೋಡಿದೆ. ಅದರಲ್ಲಿ ತಪ್ಪೇನೂ ಇಲ್ಲ. ಅದಕ್ಕೆ ಹಿಂದೆ 1976ರಲ್ಲಿ, ಯದುವೀರರಿಗಿಂತ ಮುಂಚೆ ಆ ಮನೆತನದ ಹಿರಿಯರಾಗಿದ್ದ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಅವರ ಮದುವೆ ಆದಾಗ ನಮ್ಮವರ ಮನೆಗಳಲ್ಲಿ ಟಿವಿ ಎಲ್ಲಿತ್ತು? ಬೆಂಗಳೂರು ದೂರದರ್ಶನ ಶುರುವಾಗಿದ್ದೇ 1981ರಲ್ಲಿ. 40 ವರ್ಷ ಕಾದ ಕುತೂಹಲ ಅದು.

ನನ್ನ ತಕರಾರು ಇರುವುದು ಮಾತಿನ ಬಗ್ಗೆ. ನಾವು ನೋಡುತ್ತಿದ್ದ ಚಾನೆಲ್‌ನಲ್ಲಿ ಅರ್ಧ ಪರದೆಗೆ ಅರಮನೆ, ಇನ್ನರ್ಧಕ್ಕೆ ಜ್ಯೋತಿಷಿ. ವಿಷಯ? ಅಲಮೇಲಮ್ಮನ ಶಾಪ. "ತಲಕಾಡು ಮರಳಾಗಿ, ಮಾಲಂಗಿ ಮಡುವಾಗಿ, ಮೈಸೂರು ದೊರೆಗಳಿಗೆ ಮಕ್ಕಳಾಗದೆ ಹೋಗಲಿ." 1610ರಲ್ಲಿ ಮೈಸೂರಿನ ರಾಜ ಒಡೆಯರ್ ಶ್ರೀರಂಗಪಟ್ಟಣ ಹಿಡಿದಾಗ, ಅಲ್ಲಿದ್ದ ವಿಜಯನಗರದ ಪ್ರತಿನಿಧಿಯ ಹೆಂಡತಿ ಅಲಮೇಲಮ್ಮ ಒಡವೆಗಾಗಿ ಬೆನ್ನುಹತ್ತಿದವರಿಗೆ ಶಾಪ ಹಾಕಿ ಹೊಳೆಗೆ ಹಾರಿದಳು ಅನ್ನುವ ಕಥೆ. ಕಥೆ ಚೆನ್ನಾಗಿದೆ. ನಾನೂ ಅಜ್ಜಿಯ ಪಕ್ಕ ಮಲಗಿ ಕೇಳಿದವನೇ. ಆದರೆ ಅದನ್ನು ಹೇಳುವ ಹೊತ್ತು ಅದಾ? ಹುಡುಗಿ ಇನ್ನೂ ಹಸೆಮಣೆ ಮೇಲಿದ್ದಾಳೆ, ಇಲ್ಲಿ ಇವರು ಅವಳಿಗೆ ಮಗು ಆಗುತ್ತೋ ಇಲ್ಲವೋ ಅಂತ ಚರ್ಚೆಗೆ ಕೂತಿದ್ದಾರೆ!

ನಮ್ಮ ಸೋದರತ್ತೆಯೊಬ್ಬರಿದ್ದಾರೆ. ಯಾರ ಮದುವೆಗೆ ಹೋದರೂ ಊಟದ ಪಂಕ್ತಿಯಲ್ಲೇ ಶುರು, "ವರ್ಷದೊಳಗೆ ತೊಟ್ಟಿಲು ಕಟ್ಟಬೇಕು ನೋಡಮ್ಮಾ." ಅವರನ್ನು ನಾವೆಲ್ಲ ಬೈದುಕೊಳ್ಳುತ್ತೇವೆ. ಅವತ್ತು ಟಿವಿ ಮಾಡಿದ್ದೂ ಅದನ್ನೇ, ಇಡೀ ರಾಜ್ಯಕ್ಕೆ ಕೇಳುವ ಹಾಗೆ. ಅತ್ತೆಯಾದರೂ ಒಂದು ಹೋಳಿಗೆ ಜಾಸ್ತಿ ಬಡಿಸಿ ಕೇಳುತ್ತಾರೆ.

ಹೇಳುವುದಕ್ಕೆ ಬೇರೆ ಕಥೆ ಇರಲಿಲ್ಲವಾ? ತಲೆ ಮೇಲೇ ಇತ್ತು! ಮದುವೆ ನಡೆದದ್ದು ಅಂಬಾವಿಲಾಸ ಅರಮನೆಯ ಕಲ್ಯಾಣ ಮಂಟಪದಲ್ಲಿ. ಕ್ಯಾಮೆರಾ ಒಂದು ಸಲ ಮೇಲೆ ಹೋಯಿತು, ನವಿಲುಗಳಿರುವ ಆ ಬಣ್ಣದ ಗಾಜಿನ ಚಾವಣಿ ತೋರಿಸಿತು, "ಎಂಥ ವೈಭವ" ಅಂತ ನಿರೂಪಕರು ಅಂದರು, ಮುಗೀತು. ಈ ಅರಮನೆ ಹುಟ್ಟಿದ್ದೇ ಒಂದು ಮದುವೆಯ ಅವಘಡದಿಂದ ಅಂತ ಯಾರೂ ಹೇಳಲಿಲ್ಲ. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆ ಸಮಯದಲ್ಲಿ ಬೆಂಕಿ ಬಿದ್ದು ಹಳೆಯ ಮರದ ಅರಮನೆ ಸುಟ್ಟುಹೋಯಿತು. ಆಮೇಲೆ ಹೆನ್ರಿ ಇರ್ವಿನ್ ನಕ್ಷೆ ಹಾಕಿ, 1912ರ ಹೊತ್ತಿಗೆ ಮುಗಿದದ್ದು ಈಗಿನ ಅರಮನೆ. ಈ ಸಲ ಕಲ್ಯಾಣ ಮಂಟಪಕ್ಕೆ ಕಬ್ಬಿಣದ ಕಂಬ, ದೂರದ ಗ್ಲಾಸ್ಗೋದಿಂದ ತರಿಸಿದ್ದು. ಮದುವೆ ಮನೆಗೆ ಬೆಂಕಿ ಬಿದ್ದದ್ದನ್ನು ಕಂಡವರು ಮತ್ತೆ ಮದುವೆಗೆ ಅಂತಲೇ ಕಟ್ಟಿಸಿದ ಜಾಗ. ಅಲ್ಲಿ ಇನ್ನೊಂದು ಜೋಡಿ ಕೂತಿತ್ತು. ನನಗಂತೂ ಶಾಪಕ್ಕಿಂತ ಇದೇ ರೋಮಾಂಚನ.

2017ರ ಡಿಸೆಂಬರ್‌ನಲ್ಲಿ ಅವರಿಗೆ ಗಂಡು ಮಗು ಆಯಿತು. "ಶಾಪ ವಿಮೋಚನೆ!" ಅಂತ ಮತ್ತೆ ಗದ್ದಲ. ಆ ಕಥೆಯನ್ನೇ ನಂಬಿದರೂ ಲೆಕ್ಕ ತಪ್ಪು, ನೋಡಿ. ದತ್ತು ಬಂದ ಹತ್ತನೇ ಚಾಮರಾಜರಿಗೆ ಮಕ್ಕಳಾದವು. ಮಗ ನಾಲ್ವಡಿಯವರಿಗೆ ಆಗಲಿಲ್ಲ. ನಾಲ್ವಡಿಯವರ ತಮ್ಮನ ಮಗ ಜಯಚಾಮರಾಜರಿಗೆ ಆದವು. ಅವರ ಮಗ ಶ್ರೀಕಂಠದತ್ತರಿಗೆ ಇಲ್ಲ. ಯದುವೀರರು ಬಂದದ್ದೂ ದತ್ತು. ಈ ಸಾಲಿನಲ್ಲಿ ದೊರೆಯ ಸ್ವಂತ ಮಗನಲ್ಲದೆ ಬಂದವರಿಗೆ ಶಾಪ ಎಲ್ಲಿ ತಟ್ಟಿತ್ತು?

ಇದನ್ನೆಲ್ಲ ಅಮ್ಮನಿಗೆ ಬೆರಳು ಮಡಚಿ ಮಡಚಿ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡರು. ಆಮೇಲೆ ಟಿವಿ ಕಡೆಗೇ ನೋಡುತ್ತಾ ಕೇಳಿದರು, "ಅದಿರಲಿ, ಬಾಣಂತನ ಎಲ್ಲಂತೆ? ಇಲ್ಲೋ, ರಾಜಸ್ಥಾನದಲ್ಲೋ?"