ಗೆರೆ, ಆಮ್ಲ, ಊರು: ನಗರದ ಎಚಿಂಗ್ ಓದುವ ಬಗೆ

(ಬೀದರಿನ ಕಲಾ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸ)

ಗೆಳೆಯರೇ, ಪರದೆಯ ಮೇಲಿರುವುದು ಫ್ರೆಂಚ್ ಕಲಾವಿದ ಶಾರ್ಲ್ ಮೆರಿಯೋನ್ 1850ರಲ್ಲಿ ಮಾಡಿದ ಎಚಿಂಗ್, ಪ್ಯಾರಿಸ್ಸಿನ ‘ಪೆಟಿ ಪೋಂ’ ಸೇತುವೆಯದು. ಎಚಿಂಗ್ ಅಂದರೆ ಲೋಹದ ತಗಡಿನಲ್ಲಿ ಆಮ್ಲದಿಂದ ಗೆರೆ ಕೊರೆದು, ಶಾಯಿ ತುಂಬಿ, ಕಾಗದಕ್ಕೆ ಅಚ್ಚೊತ್ತುವುದು. ನೋಡಿದ ಕೂಡಲೇ ‘ಗಂಭೀರವಾಗಿದೆ’ ಅನ್ನುತ್ತೇವೆ. ಆ ಗಾಂಭೀರ್ಯ ತಗಡಿನ ಯಾವ ಜಾಗದಲ್ಲಿದೆ? ಬೆರಳಿಟ್ಟು ತೋರಿಸುವವರೆಗೆ ಅದು ಬರೀ ಉದ್ಗಾರ.

ಮೊದಲು ಕಣ್ಣಿನ ಎತ್ತರ ನೋಡಿ. ಕಲಾವಿದ ನದಿಯಂಚಿಗೆ ಇಳಿದು ನಿಂತಿದ್ದಾನೆ. ಅಷ್ಟು ತಗ್ಗಿನಿಂದ ನೋತ್ರ ದಾಮ್ ಚರ್ಚಿನ ಗೋಪುರಗಳು ಇಷ್ಟೆತ್ತರ ಕಾಣುವುದಿಲ್ಲ. ಮೆರಿಯೋನ್ ಬೇಕೆಂದೇ ಅವನ್ನು ಮನೆಗಳ ಮೇಲಕ್ಕೆ ಎತ್ತಿದ್ದಾನೆ. ನಾವು ತಳದಲ್ಲಿ, ಗೋಪುರ ನೆತ್ತಿಯ ಮೇಲೆ. ಚಿತ್ರದ ಭಾರ ಹುಟ್ಟುವುದು ಇಲ್ಲಿ.

ಇನ್ನು ಕಪ್ಪು. ನಮ್ಮ ಬಿದರಿ ಲೋಹದ ಕೆಲಸದಲ್ಲಿ ಕೊರೆದ ಗೆರೆಗೆ ಬೆಳ್ಳಿ ಕೂರುತ್ತದೆ, ಉಳಿದ ಮೈ ಕೋಟೆಮಣ್ಣು–ನವಸಾಗರದಿಂದ ಕಪ್ಪಾಗುತ್ತದೆ. ಎಚಿಂಗ್‌ನಲ್ಲಿ ತಿರುಗುಮುರುಗು: ಗೆರೆ ಶಾಯಿ ಹಿಡಿಯುತ್ತದೆ, ಒರೆಸಿದ ಮೈ ಬೆಳ್ಳಗಿರುತ್ತದೆ. ಗೆರೆಯನ್ನು ಆಳ ಮಾಡುವುದೂ ಕೈಬಲವಲ್ಲ, ಆಮ್ಲ. ಸತುವಿನ ತಗಡಿಗೆ ಮೇಣ, ರಾಳ, ಡಾಂಬರು ಕೂಡಿದ, ಆಮ್ಲ ತಡೆಯುವ ಲೇಪವಾದ ಗ್ರೌಂಡ್ ಹಚ್ಚಿ, ಲೋಹ ಕಾಣುವಂತೆ ಸೂಜಿಯಿಂದ ಗೀರಿ, ಹತ್ತು ಪಾಲು ನೀರಿಗೆ ಒಂದು ಪಾಲು ನೈಟ್ರಿಕ್ ಆಮ್ಲ ಬೆರೆಸಿದ ತಟ್ಟೆಯಲ್ಲಿ ಮುಳುಗಿಸಿ. ಆಮ್ಲವನ್ನು ನೀರಿಗೆ ಹಾಕಬೇಕು, ನೀರನ್ನು ಆಮ್ಲಕ್ಕೆ ಎಂದಿಗೂ ಅಲ್ಲ. ಆಕಾಶದ ಗೆರೆಗೆ ಎರಡು ಮೂರು ನಿಮಿಷ ಸಾಕು. ತೊಳೆದು, ಒಣಗಿಸಿ, ಅಲ್ಲಿ ಆಮ್ಲ ಮತ್ತೆ ಕಚ್ಚದಂತೆ ವಾರ್ನಿಷ್ ಬಳಿದು ಮತ್ತೆ ಇಳಿಸಿ. ದೂರದ ಕಟ್ಟಡಕ್ಕೆ ಸುಮಾರು ಹತ್ತು ನಿಮಿಷ, ಮುಂದಿನ ಕಮಾನಿನ ಒಳಗತ್ತಲಿಗೆ ಅರ್ಧ ಗಂಟೆ. ನಮ್ಮ ಬೇಸಿಗೆಯಲ್ಲಿ ಆಮ್ಲ ಇನ್ನೂ ಬೇಗ ಕಚ್ಚುತ್ತದೆ; ಮೊದಲು ತುಂಡು ತಗಡಿನ ಮೇಲೆ ನೋಡಿ. ಗುಳ್ಳೆಗಳನ್ನು ಹಕ್ಕಿಗರಿಯಿಂದ ಸರಿಸದಿದ್ದರೆ ಗೆರೆ ಅಲ್ಲಲ್ಲಿ ತುಂಡಾಗುತ್ತದೆ. ಕಡುಗಪ್ಪು ಬೇಕೆಂದು ಗೆರೆಗಳನ್ನು ತೀರಾ ಒತ್ತಾಗಿ ಹೆಣೆದರೆ ನಡುವಿನ ಗ್ರೌಂಡ್ ಎದ್ದುಹೋಗಿ ಅಗಲವಾದ ತಗ್ಗು ಬೀಳುತ್ತದೆ. ಅದರಲ್ಲಿ ಶಾಯಿ ನಿಲ್ಲದು. ಕತ್ತಲೆಯ ಜಾಗದಲ್ಲಿ ಬೂದು ಕಲೆ ಕೂತಿರುತ್ತದೆ.

ಅಚ್ಚೊತ್ತುವ ಮೊದಲು ತಗಡಿನ ಶಾಯಿ ಒರೆಸುವುದರಲ್ಲೂ ಭಾವವಿದೆ. ಅಮೆರಿಕದ ಕಲಾವಿದ ವಿಸ್ಲರ್ 1879–80ರಲ್ಲಿ ವೆನಿಸ್‌ನಲ್ಲಿ ಮಾಡಿದ ಇರುಳಿನ ಚಿತ್ರ ‘ನಾಕ್ಟರ್ನ್’ನಲ್ಲಿ ಗೆರೆಗಳು ಕಡಿಮೆ. ಇರುಳೆಲ್ಲ ತಗಡಿನ ಮೈಮೇಲೆ ಉಳಿಸಿದ ತೆಳು ಶಾಯಿಯದು. ಹೀಗಾಗಿ ಒಂದು ಪ್ರತಿಯಲ್ಲಿ ಮುಸ್ಸಂಜೆ, ಇನ್ನೊಂದರಲ್ಲಿ ನಡುರಾತ್ರಿ. ಪುಸ್ತಕದಲ್ಲಿ ಅಚ್ಚಾದ ಒಂದೇ ಪ್ರತಿ ನೋಡಿ ತೀರ್ಪು ಕೊಡುವವರನ್ನು ನಾನಂತೂ ನಂಬುವುದಿಲ್ಲ.

ನಮ್ಮೂರಿನದೇ ಮಾತಾದರೆ 1472ರ ಮಹಮೂದ್ ಗವಾನ್ ಮದರಸಾ. ಪೂರ್ವದ ಮುಖಕ್ಕೆ ಎದುರಾಗಿ ನಿಂತರೆ ಉಳಿದ ಮಿನಾರು ನಮ್ಮ ಬಲಕ್ಕೆ, ಕುಸಿದ ಭಾಗ ಎಡಕ್ಕೆ. ಕಂಡಂತೆ ತಗಡಿಗೆ ಬರೆದರೆ ಅಚ್ಚಿನಲ್ಲಿ ಅದಲುಬದಲು. ವಿಸ್ಲರ್ ವೆನಿಸ್‌ನಲ್ಲಿ ಇದಕ್ಕೆ ತಲೆಕೆಡಿಸಿಕೊಳ್ಳಲಿಲ್ಲ, ಬೀದರಿನವರು ಬಿಟ್ಟಾರೇ? ಬೇಡವಾದರೆ ಟ್ರೇಸಿಂಗ್ ಕಾಗದ ಮಗುಚಿ ಹಾಕಿಕೊಳ್ಳಿ. ಆದರೆ ಸಂಯೋಜನೆಯೂ ಬದಲಾಗುತ್ತದೆ. ಎಡದಿಂದ ಹೊರಟ ಕಣ್ಣು ಬಲದ ಮಿನಾರು ಹತ್ತಿ ನಿಲ್ಲುತ್ತದೆ. ಅದಲುಬದಲಾದಾಗ ಮಿನಾರಿನಿಂದ ಇಳಿದು ಹಾಳಿಗೆ ಬಂದು ಬೀಳುತ್ತದೆ. ಉರ್ದು ಓದುವ ಗೆಳೆಯರ ಕಣ್ಣೂ ಹೀಗೇ ಓಡುತ್ತದೆಯೇ, ಪಕ್ಕದಲ್ಲೇ ಇದ್ದಾರೆ, ಕೇಳಿ. ತಗಡಿಗೆ ಗ್ರೌಂಡ್ ಹಚ್ಚುವ ಮೊದಲು ಎರಡೂ ಬಗೆಯ ಕರಡು ಅಂಗೈಯಗಲದ ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿ ನೋಡಿ.