ಜೈಲು ಮೊದಲು ಶಿಕ್ಷೆಯೇ ಆಗಿರಲಿಲ್ಲ!

[ದೃಶ್ಯ: ಚಿತ್ರದುರ್ಗದ ಕೋಟೆ, ಬೆಳಗಿನ ಬಿಸಿಲು. ಎಣ್ಣೆ ಕೊಳದ ಮುಂದೆ ನಿರೂಪಕ]

ಈ ಎಣ್ಣೆ ಕೊಳ ನೋಡಿ. ಚಿಕ್ಕವನಿದ್ದಾಗ ಕಳ್ಳರನ್ನು ಹಿಡಿದು ಇದರೊಳಗೆ ಅದ್ದುತ್ತಿದ್ದರು ಅಂತ ನಂಬಿದ್ದೆ. ಪಾಪ, ಇದು ಎಣ್ಣೆ ತುಂಬಿಡುವ ತೊಟ್ಟಿ ಅಷ್ಟೇ. ಕೋಟೆಗೆ ಬಂದವರೆಲ್ಲ ಹೀಗೆಯೇ. ಕತ್ತಲಿರುವ ಗೂಡು ಕಂಡರೆ ಸಾಕು, "ಇದೇ ಜೈಲು" ಅನ್ನುತ್ತಾರೆ.

ರಾಜರ ಕಾಲದಲ್ಲೂ ಸೆರೆ ಇತ್ತು, ಇಲ್ಲ ಅಂತಲ್ಲ. ಆದರೆ "ಕಳ್ಳತನ ಮಾಡಿದ್ದೀಯ, ಮೂರು ವರ್ಷ ಒಳಗಿರು" ಅನ್ನುವ ಲೆಕ್ಕ ಇದೆಯಲ್ಲ, ಅದು ತೀರಾ ಈಚಿನದು.

ನಮ್ಮ ಮದಕರಿ ನಾಯಕನನ್ನೇ ತಗೊಳ್ಳಿ. 1779ರಲ್ಲಿ ಹೈದರಾಲಿ ದುರ್ಗ ಗೆದ್ದು, ನಾಯಕನನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದ. ಅಂಥ ಸೆರೆಗೆ ಅವಧಿ ಇರುತ್ತಿರಲಿಲ್ಲ. ಒಂದೋ ರಾಜನ ಮನಸ್ಸು ಬದಲಾಗಬೇಕು, ಇಲ್ಲವೇ ರಾಜನೇ ಬದಲಾಗಬೇಕು.

[ದೃಶ್ಯ: ಪರದೆ ಮೇಲೆ ದೊಡ್ಡದಾಗಿ "ದಂಡ"]

ಹಾಗಾದರೆ ಮಾಮೂಲಿ ಕಳ್ಳನಿಗೆ ಏನು ಶಿಕ್ಷೆ? ಉತ್ತರ ಈ ಪದದಲ್ಲೇ ಇದೆ. ದಂಡ ಅಂದರೆ ಕೋಲು. ದಂಡ ಅಂದರೆ ಕಟ್ಟಬೇಕಾದ ದುಡ್ಡೂ ಹೌದು. ಹಳೆಯ ಧರ್ಮಶಾಸ್ತ್ರಗಳು ನಾಲ್ಕು ಮೆಟ್ಟಿಲು ಹೇಳುತ್ತವೆ: ಮೊದಲು ಬುದ್ಧಿಮಾತು, ಆಮೇಲೆ ಛೀಮಾರಿ, ಆಮೇಲೆ ದುಡ್ಡು, ಕೊನೆಗೆ ಮೈಗೆ ಪೆಟ್ಟು ಅಥವಾ ಪ್ರಾಣ. ಜಾತಿ ನೋಡಿ ಶಿಕ್ಷೆ ಜಾಸ್ತಿ ಕಡಿಮೆ ಮಾಡುತ್ತಿದ್ದರು ಅನ್ನುವುದನ್ನೂ ಮುಚ್ಚಿಡಬಾರದು. ಗದಗ ಕಡೆಯ 11ನೇ ಶತಮಾನದ ಒಂದು ಶಾಸನ ಓದಿದರೆ ದರಪಟ್ಟಿ ಓದಿದ ಹಾಗಾಗುತ್ತದೆ. ಬೈದರೆ ಇಷ್ಟು, ಹೊಡೆದರೆ ಇಷ್ಟು, ಚೂರಿ ಹೊರಗೆ ತೆಗೆದರೆ ಇಷ್ಟು!

ಸೆರೆಮನೆ ಇದ್ದದ್ದು ಕಾಯಿಸಲಿಕ್ಕೆ. ವಿಚಾರಣೆ ಆಗುವವರೆಗೆ, ಸಾಲ ತೀರುವವರೆಗೆ, ನೇಣಿನ ದಿನ ಬರುವವರೆಗೆ.

[ದೃಶ್ಯ: ಮೊಳಕಾಲ್ಮೂರು ತಾಲ್ಲೂಕು, ಬ್ರಹ್ಮಗಿರಿಯ ಬಂಡೆ]

ನಮ್ಮ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆ. ಶಾಸನ ತಜ್ಞ ಬಿ.ಎಲ್. ರೈಸ್ 1892ರಲ್ಲಿ ಪತ್ತೆ ಮಾಡಿದ್ದು. ಇದರಲ್ಲಿ ಸೆರೆಮನೆಯ ಮಾತಿಲ್ಲ. ಆದರೆ ಇದೇ ಅಶೋಕ ಉತ್ತರ ಭಾರತದ ಕಂಬಗಳ ಮೇಲೆ ಬರೆಸಿದ್ದಾನೆ: ಮರಣದಂಡನೆ ಆದವರಿಗೆ ಮೂರು ದಿನ ಬಿಡುವು ಕೊಡಿ, ಅವರ ಕಡೆಯವರು ಬಂದು ಜೀವ ಉಳಿಸಿ ಅಂತ ಕೇಳಿಕೊಳ್ಳಲಿ. ಪಟ್ಟವಾಗಿ 26 ವರ್ಷದಲ್ಲಿ 25 ಸಲ ಸೆರೆಯವರನ್ನು ಬಿಡಿಸಿದ್ದೇನೆ ಅಂತಲೂ ಹೇಳಿಕೊಳ್ಳುತ್ತಾನೆ. ಸ್ವಲ್ಪ ಜಂಬವೇ, ಇರಲಿ.

ಈಗ ಇಂಗ್ಲೆಂಡಿಗೆ ಹೋಗೋಣ. 1773ರಲ್ಲಿ ಜಾನ್ ಹೋವರ್ಡ್ ಅನ್ನುವವರು ಬೆಡ್‌ಫರ್ಡ್‌ಶೈರ್‌ನ ಶೆರಿಫ್ ಆದರು. ಬಹುತೇಕರಿಗೆ ಅದು ಬರೀ ಗೌರವದ ಹುದ್ದೆ. ಈ ಮನುಷ್ಯ ಸುಮ್ನೆ ಕೂರದೆ ಜೈಲಿನ ಒಳಗೆ ಹೋಗಿ ನೋಡಿದರು. ಅಲ್ಲಿ ಕಂಡದ್ದು ವಿಚಿತ್ರ. ಕೋರ್ಟು "ಇವನು ತಪ್ಪಿತಸ್ಥ ಅಲ್ಲ" ಅಂದಿದೆ, ಆಸಾಮಿ ಇನ್ನೂ ಒಳಗೇ ಇದ್ದಾನೆ! ಯಾಕೆ? ಜೈಲರ್‌ಗೆ ಸಂಬಳ ಇಲ್ಲ. ಕೈದಿಗಳು ಕೊಡುವ ಶುಲ್ಕವೇ ಅವನ ಹೊಟ್ಟೆಪಾಡು. ಶುಲ್ಕ ಕಟ್ಟದೆ ಬಿಡುಗಡೆ ಇಲ್ಲ. ಹೋವರ್ಡ್ ಊರೂರು ಸುತ್ತಿ 1777ರಲ್ಲಿ ದೊಡ್ಡ ವರದಿಯನ್ನೇ ಅಚ್ಚು ಹಾಕಿಸಿದರು.

ಆ ಕಾಲದ ಇಂಗ್ಲೆಂಡಿನಲ್ಲಿ ಸಣ್ಣಪುಟ್ಟ ಕಳ್ಳತನಕ್ಕೂ ನೇಣು ಇತ್ತು. ಇಲ್ಲವೇ ಹಡಗು ಹತ್ತಿಸಿ ದೂರ ಅಟ್ಟುತ್ತಿದ್ದರು. 1788ರಿಂದ ಆಸ್ಟ್ರೇಲಿಯಾಕ್ಕೆ. ಇಷ್ಟು ಕ್ರೌರ್ಯ ಬೇಡ, ತಪ್ಪಿಗೆ ತಕ್ಕಷ್ಟು ಶಿಕ್ಷೆ ಸಾಕು ಅಂತ ಇಟಲಿಯ ಚಿಂತಕ ಬೆಕಾರಿಯಾ 1764ರಲ್ಲೇ ಬರೆದಿದ್ದರು. ಮೈಯನ್ನು ಬಿಟ್ಟು ಮನುಷ್ಯನ ದಿನಗಳನ್ನು ಕಿತ್ತುಕೊಳ್ಳುವ ಆಲೋಚನೆ ಬಲ ಪಡೆದದ್ದು ಆಗ. ದಿನಗಳನ್ನು ಎಣಿಸಬಹುದಲ್ವಾ? ಸಣ್ಣ ತಪ್ಪಿಗೆ ತಿಂಗಳು, ದೊಡ್ಡದಕ್ಕೆ ವರ್ಷ.

[ದೃಶ್ಯ: ಬೆಂಗಳೂರಿನ ಫ್ರೀಡಂ ಪಾರ್ಕ್, ಕಾವಲು ಗೋಪುರ]

ಬೆಂಗಳೂರಿಗೆ ಹೋದಾಗ ಫ್ರೀಡಂ ಪಾರ್ಕ್ ನೋಡಿ. ಅದು ಹಳೆಯ ಸೆಂಟ್ರಲ್ ಜೈಲು. ಗೋಪುರದ ಕೆಳಗೆ ನಿಂತು ಸುತ್ತ ಒಮ್ಮೆ ಕಣ್ಣಾಡಿಸಿ. ಮೇಲೆ ಒಬ್ಬ ಕಾವಲುಗಾರ ಇದ್ದರೆ ಸಾಕು, ಕೆಳಗಿದ್ದವರೆಲ್ಲ ತಲೆ ತಗ್ಗಿಸುತ್ತಾರೆ. ಅವನು ನೋಡುತ್ತಿದ್ದಾನೋ ಇಲ್ಲವೋ ಯಾರಿಗೆ ಗೊತ್ತು? ಅದನ್ನೇ ಇಂಗ್ಲೆಂಡಿನ ಚಿಂತಕ ಬೆಂಥಮ್ 1791ರಲ್ಲಿ ನಕ್ಷೆ ಸಮೇತ ಬರೆದದ್ದು. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಇದ್ದದ್ದು ಇದೇ ಜೈಲಲ್ಲಿ.

ವರ್ಷದ ಲೆಕ್ಕ ನಮ್ಮಲ್ಲಿ ಗಟ್ಟಿಯಾದದ್ದು 1860ರ ದಂಡ ಸಂಹಿತೆಯಿಂದ. 1894ರಲ್ಲಿ ಜೈಲು ಕಾಯ್ದೆ ಬಂತು. ಕೋರ್ಟು ವಿಧಿಸುವ ಛಡಿ ಏಟು ಮಾತ್ರ ಸ್ವಾತಂತ್ರ್ಯ ಬಂದ ಮೇಲೂ ಕಾನೂನಲ್ಲಿತ್ತು, ಹೋದದ್ದು 1955ರಲ್ಲಿ. ಜೈಲಿನೊಳಗೆ ಜಾತಿ ನೋಡಿ ಕಸ ಗುಡಿಸುವ ಕೆಲಸ ಹಂಚುವುದು ತಪ್ಪು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2024ರಲ್ಲಿ. ಹೌದು, 2024ರಲ್ಲಿ!

[ದೃಶ್ಯ: ಕೋರ್ಟಿನ ಹೊರಗೆ, ಬೇವಿನ ಮರದ ನೆರಳು]

ಈಗ ದೇಶದ ಜೈಲುಗಳಲ್ಲಿರುವ ನಾಲ್ವರಲ್ಲಿ ಹತ್ತಿರ ಹತ್ತಿರ ಮೂವರು ವಿಚಾರಣೆ ಮುಗಿಯದವರು. ಅಂದರೆ ಮುದ್ದೆ ಮುರಿಯುತ್ತಾ ಕಾಯುತ್ತಿರುವವರು. ಕೆಲವರಿಗೆ ಜಾಮೀನು ಸಿಕ್ಕಿದೆ, ಆದರೆ ಹೊಲದ ಪಹಣಿ ಹಿಡಿದು ಬಂದು ಜಾಮೀನಿಗೆ ಸಹಿ ಹಾಕುವವರು ಸಿಗುವುದಿಲ್ಲ. ಇಂಥವರು ಏಳು ದಿನದಲ್ಲಿ ಹೊರಬರದಿದ್ದರೆ ಜೈಲಿನವರು ಉಚಿತ ಕಾನೂನು ನೆರವು ಕೊಡುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಮೊನ್ನೆ ಇಲ್ಲಿ ಶೂಟ್ ಮಾಡುವಾಗ ಒಬ್ಬ ತಾಯಿ ನನ್ನನ್ನೇ ವಕೀಲ ಅಂದುಕೊಂಡರು. ಪ್ಲಾಸ್ಟಿಕ್ ಕವರಿನಿಂದ ಆಧಾರ್ ಜೆರಾಕ್ಸ್ ತೆಗೆದು ಕೇಳಿದರು: "ಅಣ್ಣಾ, ಹೊಲ ಇರೋರೇ ಬರಬೇಕಾ?"